ಹೇಳದ ಬೇಡಿಕೆ

ಥಾಂಪ್ಸನ್
9 ಸೆಪ್ಟೆಂಬರ್ 1984, ಭಾನುವಾರ

ಪ್ರೀತಿಯ ಹೆಲ್ಗಾ ಅಕ್ಕನಿಗೆ,

ಬಂದು ತಲುಪಿದೆವು, ಪೆಟ್ಟಿಗೆ ಬಿಚ್ಚಿದೆವು, ಹೊಸ ಒಲೆಯ ಮೇಲೆ ಮೊದಲ ಎಲೆಕೋಸಿನ ಸಾರು ಸೀದೂ ಹೋಯಿತು! ನಿಮ್ಮ ತಮ್ಮ ಎರಡು ಬಟ್ಟಲು ತಿಂದು, "ಸೀದಿದ್ರೇ ರುಚಿ ಕಣೇ" ಅಂದ. ಇಂಥ ಗಂಡ ಯಾರಿಗಿದ್ದಾನೆ ಹೇಳಿ? ಮದುವೆಯಾಗಿ ಇವತ್ತಿಗೆ ಮೂವತ್ತಾರು ದಿನ. ನಾನು ಎಣಿಸುತ್ತೇನೆ, ಡಿರ್ಕ್ ನಗುತ್ತಾನೆ, ಅವನ ಕಿವಿ ಕೆಂಪಾಗುತ್ತದೆ. ಆ ಕಿವಿಗಳ ಬಗ್ಗೆಯೇ ಒಂದು ಕಾಗದ ಬರೆಯಬಹುದು!

ಅಡುಗೆಮನೆಗೆ ಹಳದಿ ಪರದೆ ಹಾಕಿದ್ದೇನೆ. ಗಣಿಯವರು ಕೊಟ್ಟ ಈ ಮನೆಯಲ್ಲಿ ಫೋನಿಲ್ಲ, ಬರುವುದು ಹೊಸ ವರ್ಷಕ್ಕಂತೆ. ಹಾಗಾಗಿ ನನ್ನ ಮಾತೆಲ್ಲ ನಿಮಗೆ ಕಾಗದದಲ್ಲೇ ಬಂದು ಬೀಳುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ!

ಮದುವೆಯ ದಿನ ನೀವು ನನ್ನ ಕೈಗಿಟ್ಟ ಕಪ್ಪು ರಟ್ಟಿನ ಪುಸ್ತಕವನ್ನು ತೆರೆದೆ. ನಿಮ್ಮ ಅಮ್ಮ, ಅಜ್ಜಿ, ವೀಬೆ ಮನೆಯ ಹೆಂಗಸರೆಲ್ಲ ಬೆಳಗಿನ ಕಾಫಿಗೆ ಮೊದಲು ಹೀಗೆ ಒಂದೊಂದು ಪುಟ ಪ್ರಾರ್ಥನೆ ಬರೆದವರೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ವಿನ್ನಿಪೆಗ್‌ನ ನಮ್ಮ ಮನೆಯಲ್ಲಿ ಪ್ರಾರ್ಥನೆಯೆಂದರೆ ಊಟಕ್ಕೆ ಮುಂಚೆ ಎರಡು ಸಾಲು, ಅದೂ ಅಪ್ಪ ಚಮಚ ಹಿಡಿದುಕೊಂಡೇ ಹೇಳುತ್ತಿದ್ದರು. ನೀವು ಹೇಳಿದಂತೆ ಕಾರ್ಬನ್ ಹಾಳೆ ಇಟ್ಟು ಬರೆದು, ಏಳೂ ಪುಟಗಳ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಓದಿ ಖುಷಿಪಡಿ!

ನಿಮ್ಮ ಮುದ್ದಿನ ನಾದಿನಿ ಅನ್ನಬೇಕೋ ತಂಗಿ ಅನ್ನಬೇಕೋ ತಿಳಿಯದ,
ಮಾರ್ಲಿಸ್


ಲಿಂಡನ್‌ಹೈಮ್
19 ಸೆಪ್ಟೆಂಬರ್, ಬುಧವಾರ

ಮಾರ್ಲಿಸ್,

ಕಾಗದ ಬಂತು. ತಮ್ಮನ ಹೆಂಡತಿ ನಾದಿನಿಯಲ್ಲ, ಅಷ್ಟು ತಿಳಿದುಕೊ.

ಏಳು ಪುಟ ಓದಿದೆ. ನಾಲ್ಕರಲ್ಲಿ ಪರದೆಯ ಬಣ್ಣಕ್ಕಾಗಿ ಕರ್ತನಿಗೆ ಸ್ತೋತ್ರ ಇದೆ. ಪ್ರತಿ ಕಳಿಸು ಅನ್ನುವುದು ನನಗೆ ಓದುವ ಚಪಲವಿದೆ ಎಂದಲ್ಲ. ನಮ್ಮ ಮನೆಗೆ ಬಂದ ಸೊಸೆಯರು ಮೊದಲ ವರ್ಷ ವಾರವಾರವೂ ಅತ್ತೆಗೆ ಕಳಿಸುತ್ತಿದ್ದರು. ಅಮ್ಮನಿಲ್ಲ, ಆದ್ದರಿಂದ ನನಗೆ. ಪಕ್ಕದ ಮನೆಯ ಟೀನಾ ಟೇವ್ಸ್ ಬೇಲಿಯ ಆಚೆಯಿಂದ, "ಏನಂತೆ ನಿಮ್ಮ ಪಟ್ಟಣದ ಹುಡುಗಿ, ಬರೀತಾಳಾ?" ಅಂದಳು. "ಬರೀತಾಳೆ. ನಿಲ್ಸೋದು ಗೊತ್ತಿಲ್ಲ" ಅಂದೆ.

ಒಂದು ಮುಖ್ಯ ವಿಷಯ. ಅಪ್ಪ ಮೂವತ್ತೊಂದು ವರ್ಷ ನಮ್ಮ ಚರ್ಚಿನ ಸಭೆಯ ಮುಂದೆ ನಿಂತು ಹಾಡಿಸಿದ ಜಾಗ ಫೆಬ್ರವರಿಯಿಂದ, ಅವರು ತೀರಿಕೊಂಡಂದಿನಿಂದ, ಖಾಲಿ ಇದೆ. ನವೆಂಬರ್ 25ರಂದು ಡಿರ್ಕ್‌ನ ಹೆಸರನ್ನು ಮತಕ್ಕೆ ಹಾಕುತ್ತಾರೆ. ಮೂರರಲ್ಲಿ ಎರಡು ಪಾಲು ಬೇಕು. ಹಾಡಿಸುವವನ ಕಂಠವನ್ನಷ್ಟೇ ಅಲ್ಲ, ಮನೆಯನ್ನೂ ನೋಡುತ್ತಾರೆ. ಮನೆಯೆಂದರೆ ನೀನು.

ಸೀದದ್ದನ್ನು ಅವನಿಗೆ ಬಡಿಸಬೇಡ. ಈಚೆಗೆ ಅವನು ಏನು ಕೊಟ್ಟರೂ ತಿನ್ನುತ್ತಾನೆ.

ಹೆಲ್ಗಾ ವೀಬೆ


ಥಾಂಪ್ಸನ್
23 ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಹೆಲ್ಗಾ ಅಕ್ಕ,

ಹಾಡಿಸುವ ಜಾಗ! ಡಿರ್ಕ್ ಒಂದು ಮಾತೂ ಹೇಳಿರಲಿಲ್ಲ! ನಿಮ್ಮ ಕಾಗದ ತೋರಿಸಿ ಕೇಳಿದರೆ ಮುಖವೆಲ್ಲ ಕಿವಿಯ ಬಣ್ಣವಾಯಿತು. "ಬೇಕು ಮಾರ್ಲಿಸ್. ಬೇರೇನೂ ಬೇಡ, ಅದೊಂದು ಬೇಕು" ಅಂದ. ಸಂಜೆ ಪಾತ್ರೆ ಒರೆಸುತ್ತ ಹಾಡಿದ, ಮೇಲಿನ ಮನೆಯವರು ನೆಲ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು! ಗೆದ್ದರೆ ಜನವರಿಗೆ ಇಲ್ಲಿನ ಕೆಲಸ ಬಿಟ್ಟು ಅಲ್ಲಿಗೇ ಬರುತ್ತೇವೆ, ನಿಮ್ಮ ಪಕ್ಕದಲ್ಲೇ!

ನೀವು ನನ್ನನ್ನು ಗದರಿದ್ದು ಪ್ರೀತಿಯಿಂದಲೇ ಎಂದು ಡಿರ್ಕ್ ಹೇಳುತ್ತಾನೆ. ನಾನೂ ಹಾಗೇ ತೆಗೆದುಕೊಂಡೆ. ಈ ವಾರದ ಪುಟಗಳಲ್ಲಿ ಪರದೆ ಇಲ್ಲ, ನೋಡಿ! ಮಂಗಳವಾರದ ಪುಟದಲ್ಲಿ ನಿಮ್ಮ ಕಾಗದಕ್ಕಾಗಿ ಸ್ತೋತ್ರ ಬರೆದಿದ್ದೇನೆ.

ನಿಮ್ಮ
ಮಾರ್ಲಿಸ್


ಲಿಂಡನ್‌ಹೈಮ್
28 ಸೆಪ್ಟೆಂಬರ್

ಮಾರ್ಲಿಸ್,

18ನೇ ತಾರೀಕು, ಮಂಗಳವಾರದ ಪುಟ: "ಹೆಲ್ಗಾ ಅಕ್ಕನ ಕಾಗದ ಬಂತು, ಕರ್ತನಿಗೆ ಸ್ತೋತ್ರ." ಆ ಕಾಗದವನ್ನು ನಾನು ಬರೆದದ್ದೇ 19ರ ಬುಧವಾರ. ದೇವರು ಕೇಳುವ ಮೊದಲೇ ಕೊಡುತ್ತಾನೆಂದು ನಂಬಿದವಳು ನಾನು. ಅಂಚೆಯವರೂ ಹಾಗೆಂದು ಗೊತ್ತಿರಲಿಲ್ಲ.

ಏಳೂ ಪುಟಗಳನ್ನು ಭಾನುವಾರ ಕೂತು ಒಂದೇ ಉಸಿರಿಗೆ ಬರೆದು, ಏಳು ತಾರೀಕು ಹಾಕಿದ್ದೀಯೆ. ಅಕ್ಷರ ಮೊದಲ ಪುಟದಲ್ಲಿ ದುಂಡಗಿದೆ, ಏಳನೆಯದರಲ್ಲಿ ಕೈ ಸೋತು ಓಡುತ್ತಿದೆ. ಇಂಗ್ಲಿಷ್ ಶಾಲೆಯಲ್ಲಿ ಮನೆಪಾಠವನ್ನು ಹೀಗೇ ಒಪ್ಪಿಸುತ್ತಿದ್ದಿರಾ?

ಹೆಲ್ಗಾ ವೀಬೆ


ಥಾಂಪ್ಸನ್
7 ಅಕ್ಟೋಬರ್

ಹೆಲ್ಗಾ ಅಕ್ಕನಿಗೆ,

ತಾರೀಕು ಬರೆಯುವಾಗ ಕೈ ತಪ್ಪಿರಬಹುದು. ಯಾರಿಗಾದರೂ ತಪ್ಪುತ್ತದೆ. ಪುಟಗಳು ಅಂದಂದೇ ಬರೆದವು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಂದು ಮಾತು ಕೇಳಲೇ? ನೀವು ನನ್ನ ಪ್ರಾರ್ಥನೆ ಓದುತ್ತೀರೋ, ತಪ್ಪು ಹುಡುಕುತ್ತೀರೋ? ನಮ್ಮ ಶಾಲೆಯಲ್ಲಿ ಕೆಂಪು ಪೆನ್ನು ಹಿಡಿದ ಟೀಚರುಗಳೂ ನಡುನಡುವೆ "ಚೆನ್ನಾಗಿದೆ" ಎಂದು ಬರೆಯುತ್ತಿದ್ದರು.

ಈ ವಾರದ ಪ್ರತಿ ಇದರೊಂದಿಗಿದೆ.

ಮಾರ್ಲಿಸ್


ಥಾಂಪ್ಸನ್
14 ಅಕ್ಟೋಬರ್, ಬೆಳಗ್ಗೆ

ಹೆಲ್ಗಾ ಅಕ್ಕ,

ಈ ಹಾಳೆಯನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿಮ್ಮ ಹೆಸರು ಬರೆದೇ ಶುರು ಮಾಡಿದೆ, ಡಿರ್ಕ್‌ನನ್ನು ನನ್ನಷ್ಟು ಬಲ್ಲವರು ನಿಮ್ಮನ್ನು ಬಿಟ್ಟು ಬೇರೆ ಯಾರಿದ್ದಾರೆ?

ಇವತ್ತು ತಿಂಡಿಯ ಮುಂದೆ ಕೂತಾಗ, "ಇವತ್ತು ನೀನು ಪ್ರಾರ್ಥನೆ ಮಾಡು" ಅಂದೆ.

"ನೀನೇ ಮಾಡು."

"ದಿನಾ ನಾನೇನಾ? ಸಂಬಳ ಕೊಡ್ತೀಯಾ?"

ನಗಲಿಲ್ಲ. ಬ್ರೆಡ್ಡನ್ನು ಕೈಯಲ್ಲೇ ಪುಡಿ ಮಾಡುತ್ತ ಕೂತ. ಆಮೇಲೆ, "ನಂಗೆ ಬರಲ್ಲ ಮಾರ್ಲಿಸ್" ಅಂದ. "ಅಪ್ಪನ್ನ ಮಣ್ಣು ಮಾಡಿದ ದಿನದಿಂದ ಬರಲ್ಲ. ನಿನ್ನ ಜೊತೆ ಕಣ್ಣು ಮುಚ್ತೀನಿ, ಅಷ್ಟೇ. ಒಳಗೆ ಕೇಳೋರು ಯಾರೂ ಇಲ್ಲ. ಹಾಡುವಾಗ ಮಾತ್ರ ಯಾರೋ ಇದ್ದಾರೆ ಅನ್ಸುತ್ತೆ. ಅದಕ್ಕೇ ಆ ಜಾಗ ಬೇಕು ನಂಗೆ. ಅದೂ ಹೋದ್ರೆ ನಂಗೇನೂ ಉಳಿಯಲ್ಲ."

"ಡಿರ್ಕ್..."

"ಪ್ರಾರ್ಥನೆ ಬರದೋನಿಗೆ ಆ ಸಭೆಯವರು ಬಾಗಿಲು ಒರೆಸೋ ಕೆಲಸಾನೂ ಕೊಡಲ್ಲ. ಯಾರಿಗೂ ಹೇಳ್ಬೇಡ. ಹೆಲ್ಗಾಗಂತೂ ಬೇಡವೇ ಬೇಡ. ಮಾತು ಕೊಡು."

ಕೊಟ್ಟೆ. ಈಗ ನಾನೇ ಪ್ರಾರ್ಥಿಸೋಣವೆಂದು ಪುಸ್ತಕ ತೆರೆದರೆ ನನ್ನ ಏಳೇಳು ತಾರೀಕುಗಳ ಸುಳ್ಳು ಪುಟಗಳು ಮುಖ ನೋಡುತ್ತಿವೆ. ಹೌದು ಅಕ್ಕ, ನೀವು ಹಿಡಿದದ್ದು ನಿಜ. ಅದನ್ನೂ ನಿಮಗೆ ಹೇಳುವುದಿಲ್ಲ.


ಥಾಂಪ್ಸನ್
14 ಅಕ್ಟೋಬರ್, ಮಧ್ಯಾಹ್ನ

ಪ್ರೀತಿಯ ಹೆಲ್ಗಾ ಅಕ್ಕನಿಗೆ,

ಜಗಳ ಬೇಡ. ಒಂದು ಸಹಾಯ ಬೇಕು. ಡಿರ್ಕ್‌ಗಾಗಿ ನಮ್ಮದೊಂದು ಹೇಳದ ಬೇಡಿಕೆ ಇದೆ. ವಿನ್ನಿಪೆಗ್‌ನ ನಮ್ಮ ಚರ್ಚಿನಲ್ಲಿ ಹೀಗೆ ಯಾರಾದರೂ ಕೈ ಎತ್ತಿ "ಹೇಳದ ಬೇಡಿಕೆ" ಅಂದರೆ ಸಾಕು, ಏನು ಎತ್ತ ಎಂದು ಯಾರೂ ಕೇಳುವುದಿಲ್ಲ, ಎಲ್ಲರೂ ತಲೆ ಬಾಗಿಸುತ್ತಾರೆ. ನೀವೂ ಹಾಗೇ ಪ್ರಾರ್ಥಿಸಿ. ನನ್ನೊಬ್ಬಳ ಪ್ರಾರ್ಥನೆಗೆ ಬಲ ಸಾಲದು.

ನಿಮ್ಮ
ಮಾರ್ಲಿಸ್


ಲಿಂಡನ್‌ಹೈಮ್
22 ಅಕ್ಟೋಬರ್, ಸೋಮವಾರ

ಮಾರ್ಲಿಸ್,

ನೀನು ಕೇಳಿದಂತೆ ಮಾಡಿದೆ. ಇಲ್ಲಿ ಬೇಡಿಕೆ ಬಂದರೆ ಒಬ್ಬಳೇ ಬಚ್ಚಿಟ್ಟುಕೊಂಡು ಕೂರುವ ಪದ್ಧತಿಯಿಲ್ಲ. ಪ್ರಾರ್ಥನಾ ಸರಪಳಿಯಲ್ಲಿ ನಲವತ್ತೊಂದು ಮನೆಗಳಿವೆ. ಪ್ರತಿ ಸೋಮವಾರ ಬೆಳಗ್ಗೆ ನಾನು ಟೀನಾಳಿಗೆ ಫೋನು ಮಾಡುತ್ತೇನೆ, ಅವಳು ಮುಂದಿನವಳಿಗೆ, ಅವಳು ಅದರಾಚೆಯವಳಿಗೆ. ಮಧ್ಯಾಹ್ನದೊಳಗೆ ಎಲ್ಲರ ಅಡುಗೆಮನೆಯಲ್ಲೂ ಹೆಸರು ಇರುತ್ತದೆ.

ನಾನು ಹೇಳಿದ್ದು ಇಷ್ಟೇ: "ನನ್ನ ತಮ್ಮ ಡಿರ್ಕ್. ಹೇಳದ ಬೇಡಿಕೆ." ಒಂದಕ್ಷರ ಹೆಚ್ಚಿಲ್ಲ. ಟೀನಾ, "ಹೇಳೋಕಾಗದೇ ಇರೋವಂಥದ್ದಾ? ಅಯ್ಯೋ ಪಾಪ, ಮದುವೆಯಾಗಿ ಮೂರು ತಿಂಗಳೂ ಆಗಿಲ್ಲ" ಅಂದಳು. ನಾನು ಫೋನಿಟ್ಟೆ.

ಹೆಲ್ಗಾ ವೀಬೆ


ಥಾಂಪ್ಸನ್
4 ನವೆಂಬರ್

ಹೆಲ್ಗಾ ಅವರಿಗೆ,

ನಿಮ್ಮ ಸರಪಳಿಯವರಿಂದ ಈವರೆಗೆ ಬಂದ ಕಾರ್ಡುಗಳು ಇಪ್ಪತ್ತಾರು. ಎಲ್ಲವೂ ಡಿರ್ಕ್‌ನ ಹೆಸರಿಗೆ. ಒಬ್ಬರು ಕುಡಿತ ಬಿಡಲು ಬಿಸಿನೀರಿಗೆ ಜೇನು, ಸೇಬಿನ ಹುಳಿ ಹಾಕಿ ಕುಡಿಯಲು ಹೇಳಿದ್ದಾರೆ. ಒಬ್ಬರು, ಗಣಿಯ ಊರಿನಲ್ಲಿ ಎಂಥೆಂಥ ಗಂಡಸರು ಹಾಳಾದರೆಂಬ ಪಟ್ಟಿ ಕಳಿಸಿದ್ದಾರೆ. ನಿಮ್ಮ ಟೀನಾ ಟೇವ್ಸ್, "ಮಗು ಒಂದು ಆದರೆ ಬಾಟ್ಲಿ ತಾನಾಗಿ ಬಿಡುತ್ತದೆ" ಎಂದು ನನಗೆ ಬೇರೆ ಬರೆದಿದ್ದಾರೆ. ಬಾಟ್ಲಿ! ಈ ಮನೆಯಲ್ಲಿರುವ ಬಾಟ್ಲಿ ಕೆಮ್ಮಿನ ಔಷಧದ್ದೊಂದೇ.

ಡಿರ್ಕ್ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ಓದಿದ. ಆಮೇಲೆ, "ಏನು ಬರೆದೆ ಅವಳಿಗೆ?" ಅಂದ.

"ಏನೂ ಇಲ್ಲ. ಹೇಳದ ಬೇಡಿಕೆ ಅಂತಷ್ಟೇ."

"ಲಿಂಡನ್‌ಹೈಮ್‌ನಲ್ಲಿ ಹಂಗಂದ್ರೆ ಏನು ಗೊತ್ತಾ? ನಮ್ಮೂರಲ್ಲಿ ಅದನ್ನ ಎರಡೇ ಸಲ ಕೇಳಿರೋದು. ಒಂದ್ಸಲ ಜೈಲಿಗೆ ಹೋದವನಿಗೆ. ಇನ್ನೊಂದ್ಸಲ ಓಡಿಹೋದವಳಿಗೆ. ಕೆಮ್ಮು ಅಂತಾನಾದ್ರೂ ಬರೀಬಾರದಿತ್ತಾ?"

ಅಂದಿನಿಂದ ಅವನು ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಹಾಡುವುದೂ ನಿಂತಿದೆ. ಹದಿಮೂರನೇ ವಾರಕ್ಕೆ ನನ್ನ ಮನೆಯನ್ನು ಹೀಗೆ ಮಾಡಿಟ್ಟ ನಿಮಗೆ ಸ್ತೋತ್ರ ಹೇಳಬೇಕೇ? ನಾನು ಪ್ರಾರ್ಥನೆ ಕೇಳಿದ್ದು ನಿಮ್ಮೊಬ್ಬರಿಂದ. ನೀವು ನನ್ನ ಗಂಡನ ಹೆಸರನ್ನು ನಲವತ್ತೊಂದು ಮನೆಯ ಒಗ್ಗರಣೆಗೆ ಹಾಕಿದಿರಿ.

ಈ ವಾರದ ಪ್ರತಿ ಇಲ್ಲ. ಮುಂದೆಯೂ ಇರುವುದಿಲ್ಲ.

ಮಾರ್ಲಿಸ್


ಲಿಂಡನ್‌ಹೈಮ್
8 ನವೆಂಬರ್

ಮಾರ್ಲಿಸ್,

ಕುಡಿತ ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ. ನಾನು ಎರಡೇ ಮಾತು ಹೇಳಿದೆ, ಉಳಿದವರು ಖಾಲಿ ಜಾಗ ತುಂಬಿದರು. ಖಾಲಿ ಬಿಟ್ಟವಳು ನೀನು. ಅಲ್ಲಿನ ದೊಡ್ಡ ಚರ್ಚಿನಲ್ಲಿ ಪಕ್ಕದ ಬೆಂಚಿನವರ ಹೆಸರೇ ಗೊತ್ತಿರುವುದಿಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ಇಲ್ಲಿ ಯಾರ ಮನೆಯ ಹಸು ಎಷ್ಟು ಹಾಲು ಕೊಡುತ್ತದೆಂಬುದೂ ಎಲ್ಲರಿಗೂ ಗೊತ್ತು. ಗೊತ್ತಾಗದ ಒಂದೇ ಒಂದು ವಿಷಯ ಇಟ್ಟರೆ ಜನ ಸುಮ್ಮನಿರುತ್ತಾರೆಯೇ?

ಮತಕ್ಕೆ ಹದಿನೇಳು ದಿನ ಇದೆ. ಇವತ್ತು ಮತ ಹಾಕಿದರೆ ಡಿರ್ಕ್ ಸೋಲುತ್ತಾನೆ. ಸಭಾಪಾಲಕರಾದ ಲೋವನ್ ಅವರು ನಿನ್ನೆ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ, "ಕುಡೀತಾನಾ ಹೆಲ್ಗಾ? ಹೌದು ಇಲ್ಲ ಎರಡರಲ್ಲೊಂದು ಹೇಳಮ್ಮ" ಅಂದರು. ನನಗೆ ಗೊತ್ತಿದ್ದರೆ ತಾನೇ ಹೇಳುವುದು?

ಬೇಡಿಕೆ ಏನೆಂದು ನನಗೆ ಬರೆ. ಅದೇ ಸರಪಳಿಯಲ್ಲಿ ನಿಜ ಹೇಳಿ ಸುಳ್ಳನ್ನು ಅಳಿಸುತ್ತೇನೆ.

ಹೆಲ್ಗಾ


ಥಾಂಪ್ಸನ್
12 ನವೆಂಬರ್

ಹೆಲ್ಗಾ ಅವರಿಗೆ,

ಅವನು ಕುಡಿಯುವುದಿಲ್ಲ. ಜೂಜಾಡುವುದಿಲ್ಲ. ಬೇರೆ ಹೆಂಗಸಿಲ್ಲ. ನಿಮ್ಮ ಸಭಾಪಾಲಕರಿಗೆ ಇದನ್ನು ಓದಿ ಹೇಳಿ.

ಏನೆಂದು ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ. ಕೊಡದಿದ್ದರೂ ನಿಮಗೆ ಹೇಳುತ್ತಿರಲಿಲ್ಲ. ನೀವು ಸುಳ್ಳನ್ನು ಅಳಿಸಲು ನಿಜ ಕೇಳುತ್ತಿಲ್ಲ. ನಿಮ್ಮ ತಮ್ಮನ ಬಗ್ಗೆ ನಿಮಗೆ ಗೊತ್ತಿರದ ಒಂದು ವಿಷಯ ನನಗೆ ಗೊತ್ತಿದೆಯಲ್ಲ, ಅದು ನಿಮಗೆ ತಡೆಯಲಾಗುತ್ತಿಲ್ಲ.

ಮಾರ್ಲಿಸ್


ಲಿಂಡನ್‌ಹೈಮ್
15 ನವೆಂಬರ್

ಮಾರ್ಲಿಸ್,

ಅವನಿಗೆ ಆರು ವರ್ಷವಾದಾಗಿನಿಂದ, ಅಮ್ಮ ಹೋದ ಮೇಲೆ, ಅವನ ಅಂಗಿಯ ಗುಂಡಿ ಹಾಕಿದವಳು ನಾನು, ಜ್ವರಕ್ಕೆ ಎದ್ದವಳು ನಾನು. ನೀನು ಬಂದು ನೂರು ದಿನ ಆಯಿತು. ತಡೆಯಲಾಗುತ್ತಿಲ್ಲ, ನಿಜ. ಅದರಲ್ಲಿ ನಾಚಿಕೆಯೇನೂ ಇಲ್ಲ.

ನಿನ್ನ ಮಾತನ್ನು ಲೋವನ್ ಅವರಿಗೆ ಓದಿದೆ. ಸೆಪ್ಟೆಂಬರಿನ ಪುಟಗಳ ವಿಷಯ ಊರಿಗೆಲ್ಲ ಗೊತ್ತು, ನಾನು ಟೀನಾಳಿಗೆ ಹೇಳಿದ್ದೆ, ಅದನ್ನು ಒಪ್ಪುತ್ತೇನೆ. "ದೇವರಿಗೇ ತಾರೀಕು ತಪ್ಪು ಹಾಕೋಳು ನಮ್ಗೆ ನಿಜ ಹೇಳ್ತಾಳಾ?" ಅಂದರು ಅವರು. ನಿನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ. ನೀನೇ ಕಳೆದುಕೊಂಡದ್ದು.

ಶುಕ್ರವಾರ, 23ರೊಳಗೆ ಏನಾದರೊಂದು ಬರದಿದ್ದರೆ ಅವರು ಡಿರ್ಕ್‌ನ ಹೆಸರನ್ನು ತೆಗೆಯುತ್ತಾರೆ. ಮತಕ್ಕೂ ಹೋಗುವುದಿಲ್ಲ.

ಹೆಲ್ಗಾ


ಥಾಂಪ್ಸನ್
18 ನವೆಂಬರ್, ಭಾನುವಾರ

ಹೆಲ್ಗಾ ಅವರಿಗೆ,

ಬೇಡಿಕೆ ಡಿರ್ಕ್‌ನದಲ್ಲ, ನನ್ನದು. ನನ್ನ ಹೆಸರು ಹಾಕಲು ನಾಚಿಕೆಯಾಗಿ ಅವನ ಹೆಸರು ಹಾಕಿದೆ.

ಪ್ರಾರ್ಥಿಸಲು ಬಾರದವಳು ನಾನು. ಕಣ್ಣು ಮುಚ್ಚುತ್ತೇನೆ, ಒಳಗೆ ಕೇಳುವವರು ಯಾರೂ ಇರುವುದಿಲ್ಲ. ನಿಮಗೆ ಕಳಿಸಿದ ಪುಟಗಳನ್ನೆಲ್ಲ ಭಾನುವಾರ ಮಧ್ಯಾಹ್ನ ಒಂದೇ ಸಲಕ್ಕೆ ಬರೆದೆ. ನೀವು ಹಿಡಿದದ್ದು ಸರಿ, ನಾನು ಅಲ್ಲಗಳೆದದ್ದು ಸುಳ್ಳು. ಡಿರ್ಕ್‌ಗೆ ಇದರಲ್ಲಿ ಯಾವ ತಪ್ಪೂ ಇಲ್ಲ. ಅವನು ನನ್ನ ಮುಖ ಉಳಿಸಲು ಸುಮ್ಮನಿದ್ದಾನೆ, ಅಷ್ಟೇ.

ಇದನ್ನು ಸರಪಳಿಗೆ ಹಾಕಿ. ನನ್ನ ಹೆಸರಿನಲ್ಲಿ. ಈ ಸಲ ಒಂದಕ್ಷರ ಕಡಿಮೆ ಮಾಡಬೇಡಿ. ನಾಳೆ ಬೆಳಗ್ಗೆ ತ್ವರಿತ ಅಂಚೆಯಲ್ಲಿ ಕಳಿಸುತ್ತೇನೆ.

ನಿಮಗೆ ಬೇಕಾಗಿದ್ದುದು ಸಿಕ್ಕಿತು ಅಂದುಕೊಳ್ಳುತ್ತೇನೆ.

ಮಾರ್ಲಿಸ್


ಲಿಂಡನ್‌ಹೈಮ್
26 ನವೆಂಬರ್, ಸೋಮವಾರ

ಮಾರ್ಲಿಸ್,

ಐವತ್ತೆಂಟು ಪರ, ಹನ್ನೊಂದು ವಿರೋಧ. ಡಿರ್ಕ್ ಗೆದ್ದ.

ನಿನ್ನ ಕಾಗದ ಗುರುವಾರ ಬಂತು. ಸಂಜೆಯೇ ಲೋವನ್ ಅವರಿಗೆ ತೋರಿಸಿದೆ. ಶುಕ್ರವಾರ ಬೆಳಗ್ಗೆ, ಸೋಮವಾರಕ್ಕೆ ಕಾಯದೆ, ಟೀನಾಳಿಗೆ ಫೋನು ಮಾಡಿದೆ. "ನಂಗೆ ಮೊದಲ್ನೇ ದಿನವೇ ಅನ್ಸಿತ್ತು, ಹುಡುಗ ಒಳ್ಳೆಯವನು, ಹುಡುಗಿಯೇ ಹಾಗೆ" ಅಂದಳು. ಊರಿಗೆಲ್ಲ ಈಗ ಮೊದಲ ದಿನವೇ ಅನ್ನಿಸಿತ್ತಂತೆ.

ಭಾನುವಾರ, ಒಬ್ಬನೇ ಬಂದಿದ್ದ ಡಿರ್ಕ್ ಅಪ್ಪನ ಜಾಗದಲ್ಲಿ ನಿಂತು ಹಾಡಿಸಿದ. ಅವನೆದುರು ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಹಿಂದಿನ ಬೆಂಚಿನ ಗಂಡಸರೂ ಬಾಯಿಬಿಟ್ಟು ಹಾಡಿದರು. ಆಮೇಲೆ ಲೋವನ್ ಅವರು ಪ್ರಾರ್ಥಿಸೋಣ ಅಂದರು. ಸಭೆಯೆಲ್ಲ ತಲೆ ತಗ್ಗಿಸಿತು. ಡಿರ್ಕ್ ಕಣ್ಣು ತೆರೆದುಕೊಂಡು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದ. ಫೆಬ್ರವರಿಯಿಂದ, ಇಲ್ಲಿದ್ದಷ್ಟು ವಾರವೂ, ಹಾಗೇ ನೋಡುತ್ತಿದ್ದ. ದುಃಖವೆಂದುಕೊಂಡಿದ್ದೆ.

"ಒಳಗೆ ಕೇಳುವವರು ಯಾರೂ ಇರುವುದಿಲ್ಲ." ಆ ಮಾತು ನಿನ್ನದಲ್ಲ. ನಿನಗೆ ಕೇಳುವವರಿಲ್ಲದೆ ಒಂದು ಗಳಿಗೆ ಆಗುವುದಿಲ್ಲ. ಗುರುವಾರ ಓದಿದಾಗಲೇ ಅದು ಯಾರ ಮಾತೆಂದು ತಿಳಿಯಿತು. ತಿಳಿದೂ ಶುಕ್ರವಾರ ನಿನ್ನ ಹೆಸರನ್ನೇ ಹೇಳಿದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಇಬ್ಬರಲ್ಲಿ ಒಬ್ಬರ ಹೆಸರು ಹೋಗಬೇಕಿತ್ತು. ಅವನು ನನ್ನ ತಮ್ಮ. ನೀನು ಮದುವೆಯಾಗಿ ಬಂದವಳು.

ಸಭೆಯವರು ನಿನ್ನನ್ನು ತಿದ್ದುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಜನವರಿಯಿಂದ ದಿನವೂ ಬೆಳಗ್ಗೆ ಆರಕ್ಕೆ ನನ್ನ ಅಡುಗೆಮನೆಗೆ ಬರಬೇಕು. ಅಲ್ಲಿಯವರೆಗೆ ವಾರವಾರ ಪ್ರತಿ ಕಳಿಸು.

ಹೆಲ್ಗಾ


ಥಾಂಪ್ಸನ್
9 ಡಿಸೆಂಬರ್, ಭಾನುವಾರ

ಹೆಲ್ಗಾ ಅವರಿಗೆ,

ಈಗ ಕಾರ್ಡುಗಳು ನನ್ನ ಹೆಸರಿಗೆ ಬರುತ್ತಿವೆ. ಮೂವತ್ತಮೂರು. ಡಿರ್ಕ್ ಮೊದಲನೆಯದನ್ನು ಓದಿ, "ನಿಂಗಾ? ಪ್ರಾರ್ಥನೆ ಬರಲ್ಲಾ?" ಅಂದ.

"ಹ್ಞೂಂ, ಬರಲ್ಲ."

"ನಂಗೇ ಸುಳ್ಳು ಹೇಳ್ತೀಯಾ?"

"ನಿಮ್ಮೂರಿನ ಸೊಸೆ ಅಲ್ವಾ, ಕಲಿತಿದೀನಿ."

ಡಿರ್ಕ್ ಕಾರ್ಡನ್ನು ಕೆಳಗಿಟ್ಟ. ಆಮೇಲೆ ತನ್ನ ತಟ್ಟೆ ತಂದು ನನ್ನ ತಟ್ಟೆಯ ಪಕ್ಕ ಇಟ್ಟ. ತಿಂಗಳ ಮೇಲೆ ಒಟ್ಟಿಗೆ ಉಂಡೆವು. ನಿಮ್ಮ ಸರಪಳಿಯಿಂದ ನನಗೆ ಆದ ಒಳ್ಳೆಯದು ಇದೊಂದೇ, ಇದೂ ನೀವು ಬಯಸಿ ಆದದ್ದಲ್ಲ.

ಆರು ಗಂಟೆಗೆ ಬರುತ್ತೇನೆ. ಆದರೆ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಸಭೆಯೆಲ್ಲ ತಲೆ ತಗ್ಗಿಸಿ ಕಣ್ಣು ಮುಚ್ಚಿತ್ತು ಅಂದಿರಿ. ಡಿರ್ಕ್‌ನ ಕಣ್ಣು ತೆರೆದಿದ್ದದ್ದು ನಿಮಗೆ ಕಂಡದ್ದು ಹೇಗೆ? ಅದೂ ಫೆಬ್ರವರಿಯಿಂದ, ವಾರವಾರವೂ? ಉತ್ತರ ಬರೆಯಬೇಡಿ. ಯಾರಿಗೂ ಹೇಳುವುದಿಲ್ಲ, ಟೀನಾಗೂ ಸಹ.

ಈ ವಾರ ಏಳು ಪುಟವಿಲ್ಲ, ಒಂದೇ. ಇವತ್ತು ಬೆಳಗ್ಗೆ ಕಾಫಿಗೆ ಮೊದಲು ಬರೆದದ್ದು. ಪ್ರತಿ ಇಲ್ಲಿದೆ:

"ಕರ್ತನೇ, ನನಗೆ ಹೆಲ್ಗಾಳನ್ನು ಕಂಡರೆ ಆಗುವುದಿಲ್ಲ. ಅವಳಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಜನವರಿಯಿಂದ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕು. ಅವನ ವಿಷಯದಲ್ಲಿ ನಮ್ಮಿಬ್ಬರ ಬಾಯನ್ನೂ ಭದ್ರವಾಗಿ ಮುಚ್ಚಿಸಿಡು. ನಾಳೆಯೂ ಇದನ್ನೇ ಕೇಳುತ್ತೇನೆ. ಆಮೇನ್."

ಮಾರ್ಲಿಸ್ ವೀಬೆ